ಕೆಂಚಿ

ಶಾಲೆ ಶುರುವಾಗಿ ಹತ್ತು ದಿನವೂ ಆಗಿರಲಿಲ್ಲ. ಅಣ್ಣನ ಮಗಳು ಡೈರಿಯಲ್ಲಿ ಒಂದು ಒಕ್ಕಣೆ ಬರೆಸಿಕೊಂಡು ಬಂದಳು. ವಿದ್ಯಾರ್ಥಿನಿ ಕೂದಲಿಗೆ ಬಣ್ಣ ಹಚ್ಚಿಕೊಂಡು ಬರುತ್ತಿದ್ದಾಳೆ, ಇದು ಶಾಲೆಯ ಶಿಸ್ತಿಗೆ ವಿರುದ್ಧ, ಪಾಲಕರು ಗಮನಿಸಿ ಸಹಿ ಮಾಡಬೇಕು. ಐದನೇ ಕ್ಲಾಸಿನ ಹುಡುಗಿ. ಎರಡು ಜಡೆ, ಕರಿ ರಿಬ್ಬನ್ನು, ಕಾಲರ್ ತೊಯ್ಯುವಷ್ಟು ಕೊಬ್ಬರಿ ಎಣ್ಣೆ. ಇಷ್ಟೆಲ್ಲ ಇದ್ದೂ ಕಲಬುರಗಿಯ ಬಿಸಿಲಿಗೆ ನಿಂತರೆ ಅವಳ ತಲೆ ಹೊಸ ಬೆಲ್ಲದ ಪೆಂಟೆಯ ಹಾಗೆ ಹೊಳೆಯುತ್ತದೆ. ಅದಕ್ಕೆ ಯಾರೇನು ಮಾಡಲಾದೀತು?

ಅಣ್ಣ ಶಾಲೆಯ ಮೇಲೆ ಸಿಟ್ಟಾಗುತ್ತಾನೆ ಅಂದುಕೊಂಡಿದ್ದೆ. ಅವನು ಸುಮ್ಮನೆ ಸಹಿ ಮಾಡಿ, "ನಾಳಿಂದ ಎಣ್ಣಿ ಇನ್ನೊಂದಿಷ್ಟು ಹೆಚ್ಚಿಗಿ ಹಚ್ಚಿ ಕಳಸು" ಅಂದ. ವೈನಿ ಅಡುಗೆಮನೆಯಿಂದಲೇ, "ಮೆಡಿಕಲ್‌ದಾಗ ಐದು ನಿಮಿಷದಾಗ ಕರ್ರಗ ಮಾಡೋ ಶಾಂಪೂ ಸಿಗ್ತದಂತ್ರಿ, ತರ್ಲೇನು?" ಅಂದರು. ಆಮೇಲೆ ಇಬ್ಬರೂ ನನ್ನ ಕಡೆ ನೋಡಿದರು. ಆ ಮನೆಯಲ್ಲಿ ಈ ವಿಷಯದ ಪಂಡಿತೆ ನಾನೇ. ಒಂಬತ್ತು ವರ್ಷ ಕೂದಲಿಗೆ ಕಪ್ಪು ಹಚ್ಚಿಕೊಂಡವಳು.

ನಮ್ಮದು ಮೂಲ ಕಮಲಾಪುರ. ಕಲಬುರಗಿಯಿಂದ ಹುಮನಾಬಾದ್ ಕಡೆ ಹೋಗುವ ರಸ್ತೆಯಲ್ಲಿ ಸಿಗುವ ಊರು. ಈಗ ತಾಲ್ಲೂಕು ಕೇಂದ್ರ. ಆದರೆ ಬಸ್ಸಿನಲ್ಲಿ ಹೋಗುವವರಿಗೆ ಅದು ಮೊದಲಿನಿಂದಲೂ ಕೆಂಪು ಬಾಳೆಹಣ್ಣಿನ ಊರು. ಹೊಸಬರು ಮೊದಲ ಸಲ ನೋಡಿದಾಗ ಹಣ್ಣಿಗೆ ಬಣ್ಣ ಬಳಿದಿದ್ದಾರೆಂದು ಉಗುರಿನಿಂದ ಕೆರೆದು ನೋಡುತ್ತಾರೆ. (ನನ್ನ ತಲೆಯನ್ನೂ ಹೀಗೆ ಕೆರೆದು ನೋಡಿದವರಿದ್ದಾರೆ. ಅದು ಮುಂದೆ ಬರುತ್ತದೆ.) ಈ ಬಾಳೆ ಆ ಕಣಿವೆಯ ಸುತ್ತಮುತ್ತಲಿನದು. ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಬೇರೆ ಬಾಳೆಗಿಂತ ಹೆಚ್ಚು ಕಾಲ ಕಾಯಬೇಕು, ಹತ್ತಿರ ಹತ್ತಿರ ಒಂದೂವರೆ ವರ್ಷ. ತಿಪ್ಪೆಗೊಬ್ಬರ, ನೀರು ಎರಡನ್ನೂ ಧಾರಾಳವಾಗಿ ಕೇಳುತ್ತದೆ. ಹಾಗಾಗಿ ತುಟ್ಟಿ. ಶ್ರೀಮಂತರ ಹಣ್ಣು ಎಂಬ ಹೆಸರೂ ಅದಕ್ಕಿದೆ. ಕಾಯಿದ್ದಾಗಲೇ ಅದು ಕೆಂಪು, ಹಣ್ಣಾದರೆ ಸಿಪ್ಪೆಗೆ ಒಂದಿಷ್ಟು ಕಿತ್ತಳೆ ಇಳಿಯುತ್ತದೆ. ಗಿಡದ ದಿಂಡಿನಲ್ಲೂ ಎಲೆಯ ನಡುನರದಲ್ಲೂ ಕೆಂಪು ಇರುತ್ತದೆ. ಒಮ್ಮೊಮ್ಮೆ ಕೆಂಪು ಬಾಳೆಯ ಗಡ್ಡೆಯಿಂದ ಬಂದ ಮರಿಯೇ ಹಸಿರು ಗೊನೆ ಬಿಡುವುದುಂಟು. ಅಂಥದನ್ನು ಕಂಡರೆ ನಮ್ಮ ಮುತ್ಯಾ, "ಇದಕ್ಕ ತನ್ನ ಬಣ್ಣ ಮರ್ತು ಹೋಗ್ಯದ" ಎಂದು ಕಿತ್ತು ಎಸೆಯುತ್ತಿದ್ದ.

ಮುತ್ಯಾನ ಹೆಂಡತಿ, ನಮ್ಮ ಆಯಿ, ಕೆಂಚು ಕೂದಲಿನವಳು. ಊರಲ್ಲಿ ಇದು ಬಹಳ ಜನಕ್ಕೆ ಗೊತ್ತೇ ಇರಲಿಲ್ಲ. ಅವಳ ತಲೆಯ ಸೆರಗು ಎಂದೂ ಜಾರುತ್ತಿರಲಿಲ್ಲ. ಮಧ್ಯಾಹ್ನ ಗಂಡಸರು ಹೊಲದಲ್ಲಿದ್ದಾಗ ಹಿತ್ತಲ ಕಟ್ಟೆಯ ಮೇಲೆ ಕೂತು ಬಾಚಿಕೊಳ್ಳುವಳು. ಉದುರಿದ್ದನ್ನು ಉಂಡೆ ಮಾಡಿ ಗೋಡೆಯ ಸಂದಿಗೆ ಸಿಕ್ಕಿಸುವಳು. ಕೂದಲಿಗೆ ಪಿನ್ನು, ಬಲೂನು ಕೊಡುವವನು ಬಂದಾಗ ಆ ಉಂಡೆಗಳನ್ನು ಹೊತ್ತು ನಾನು ಓಡುತ್ತಿದ್ದೆ. ಅವನು ಬಿಸಿಲಿಗೆ ಹಿಡಿದು ನೋಡಿ, "ಇದು ನಡೆಯಂಗಿಲ್ಲವ್ವಾ, ಕರೀದು ತಾ" ಅನ್ನುತ್ತಿದ್ದ. ಕೊಪ್ಪಳದ ಭಾಗ್ಯನಗರದ ಬಗ್ಗೆ ಓದಿದಾಗ ನನಗೆ ಅವನ ನೆನಪಾಯಿತು. ಹಳ್ಳಿ ಹಳ್ಳಿಗಳಿಂದ ಆಯ್ದ ಕೂದಲನ್ನು ಅಲ್ಲಿ ಬಿಡಿಸಿ, ತೊಳೆದು, ಎಳೆ ಎಳೆಯಾಗಿ ಜೋಡಿಸುತ್ತಾರೆ. ಹೀಗೆ ನಮ್ಮ ದೇಶದಿಂದ ಹೊರಗೆ ಹೋಗುವ ಕೂದಲಿನಲ್ಲಿ ಎಷ್ಟೋ ಪಾಲಿನ ಕಪ್ಪನ್ನು ರಾಸಾಯನಿಕ ಹಾಕಿ ತೆಗೆದು, ಬಂಗಾರದ ಬಣ್ಣವನ್ನೋ ಕೆಂಪನ್ನೋ ಕೊಟ್ಟು ವಿಗ್ಗು ಮಾಡುತ್ತಾರೆ. ಆಯಿಯ ಕೂದಲಿಗೆ ಆ ಅರ್ಧ ಕೆಲಸ ದೇವರೇ ಮಾಡಿ ಕಳಿಸಿದ್ದ. ಬಲೂನಿನವನಿಗೆ ಅದು ತಿಳಿಯಲಿಲ್ಲ.

ಮುತ್ಯಾ ಆಯಿಗೆ "ಕೆಂಚಿ" ಅಂತಲೇ ಕೂಗುತ್ತಿದ್ದ. ಅವನ ಬಾಯಲ್ಲಿ ಅದು ಬೈಗುಳ ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಮೊಮ್ಮಕ್ಕಳಲ್ಲಿ ನನಗೊಬ್ಬಳಿಗೆ ಆ ಕೂದಲು ಬಂದಾಗ ಅವನು ಅವ್ವನಿಗೆ ಹೇಳಿದ ಮಾತು ಮನೆಯಲ್ಲಿ ಗಾದೆಯಾಗಿ ಉಳಿದಿದೆ: "ಬಾಳಿಹಣ್ಣು ಕೆಂಪಾದ್ರ ರೊಕ್ಕಾ ಹೆಚ್ಚಿಗಿ ಕೊಡ್ತಾರ. ಕೂದ್ಲಾ ಕೆಂಪಾದ್ರ ರೊಕ್ಕಾ ಹೆಚ್ಚಿಗಿ ಕೇಳ್ತಾರ." ವರದಕ್ಷಿಣೆಯ ಮಾತು. ಎಲ್ಲರೂ ನಕ್ಕಿದ್ದರಂತೆ, ಅವ್ವ ಒಬ್ಬಳನ್ನು ಬಿಟ್ಟು.

ಹೈಸ್ಕೂಲಿಗೆ ಕಲಬುರಗಿಗೆ ಬಂದೆ. ಆಗಿನ್ನೂ ಗುಲಬರ್ಗಾ. ಅಲ್ಲಿ ಕೆಂಚಿಯ ಜೊತೆ ಇನ್ನೊಂದು ಹೆಸರು ಸೇರಿತು, ಭೂರಿ. ನಮ್ಮ ಊರಿನಲ್ಲಿ ಬೈಯಲಿಕ್ಕೂ ಎರಡು ಭಾಷೆ ಬೇಕು. ಒಬ್ಬ ಟೀಚರು ಮೊದಲ ವಾರವೇ ನನ್ನನ್ನು ನಳದ ಹತ್ತಿರ ಕರೆದೊಯ್ದು, ಸೋಪು ಹಚ್ಚಿ ಜಡೆ ತಿಕ್ಕಿಸಿ, ಬಿಳಿ ಕರ್ಚೀಫಿನಿಂದ ಒರೆಸಿ ನೋಡಿದರು. ಕರ್ಚೀಫು ಬೆಳ್ಳಗೇ ಇತ್ತು. "ಹೋಗು" ಅಂದರು, ಅಷ್ಟೆ. ತೊಯ್ದ ತಲೆಯಲ್ಲಿ ಗಣಿತದ ಪಿರಿಯಡ್ಡಿಗೆ ಹೋಗಿ ಕೂತೆ. ಬೆನ್ನ ಮೇಲೆ ನೀರು ಇಳಿಯುತ್ತಿತ್ತು. ಈಗಲೂ ಸಮೀಕರಣ ಅಂದರೆ ನನಗೆ ಬೆನ್ನು ತಣ್ಣಗಾಗುತ್ತದೆ.

ಕ್ಲಾಸಿನಲ್ಲಿ ಕೆಂಪು ತಲೆಯವರು ನಾವು ಇಬ್ಬರು. ಇನ್ನೊಬ್ಬಳು ಗುಳೆ ಹೋಗುವ ಮನೆಯವಳು. ಅವಳ ಅಪ್ಪ ಅವ್ವ ವರ್ಷದಲ್ಲಿ ಎಂಟು ತಿಂಗಳು ಪುಣೆಯ ಕಡೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಅವಳು ಹಾಸ್ಟೆಲ್ಲಿನಲ್ಲಿ ಇದ್ದಳು. ನಮ್ಮಿಬ್ಬರನ್ನೂ ಒಂದೇ ಬೆಂಚಿಗೆ ಕೂರಿಸಿ ಹುಡುಗರು 'ರೆಡ್ ಸಿಗ್ನಲ್' ಅನ್ನುತ್ತಿದ್ದರು. ನನಗೆ ಅವಳು ಜೊತೆಗಾತಿ ಸಿಕ್ಕಳೆಂಬ ಖುಷಿ. ಆದರೆ ಒಂಬತ್ತನೇ ಕ್ಲಾಸಿನ ಹೊತ್ತಿಗೆ ಅವಳ ಬೈತಲೆಯ ಬುಡದಲ್ಲಿ ಕಪ್ಪು ಕಾಣತೊಡಗಿತು. ಹತ್ತನೇ ಕ್ಲಾಸಿನಲ್ಲಿ ಅವಳ ಜಡೆಯ ತುದಿ ಮಾತ್ರ ಕೆಂಪು. ಒಂದು ದಿನ ಆ ತುದಿಯನ್ನೂ ಕತ್ತರಿಸಿಕೊಂಡು ಬಂದಳು. ನನಗೆ ಮೋಸ ಹೋದ ಹಾಗಾಯಿತು. ಎರಡು ದಿನ ಮಾತಾಡಲಿಲ್ಲ.

ಅವಳ ಕೂದಲು ಯಾಕೆ ಕಪ್ಪಾಯಿತು ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ. ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಆಗಿನ ಗೋಲ್ಡ್ ಕೋಸ್ಟಿನಲ್ಲಿ, ಅಂದರೆ ಇಂದಿನ ಘಾನಾದಲ್ಲಿ, ಮಕ್ಕಳ ಒಂದು ಕಾಯಿಲೆಯ ಬಗ್ಗೆ 1933ರಲ್ಲಿ ಬರೆದಳು. 1935ರಲ್ಲಿ ಅದನ್ನು ಅಲ್ಲಿನ ಜನರ ಹೆಸರಿನಿಂದಲೇ ಕ್ವಾಶಿಯೋರ್ಕರ್ ಎಂದು ಕರೆದಳು. ಮತ್ತೊಂದು ಕೂಸು ಬಂದಾಗ ತಾಯಿಯ ಮೊಲೆಯಿಂದ ದೂರವಾದ ಮಗುವಿಗೆ ಬರುವ ರೋಗ ಎಂಬ ಭಾವ ಆ ಹೆಸರಿನಲ್ಲಿದೆ. ಊಟದಲ್ಲಿ ಸತ್ವ ಇಲ್ಲದಾಗ ಕೂದಲು ತನ್ನ ಕಪ್ಪನ್ನು ಕಳೆದುಕೊಂಡು ಕೆಂಪಗೆ, ಒರಟಾಗಿ, ತೆಳ್ಳಗಾಗುತ್ತದೆ. ಊಟ ಸಿಕ್ಕ ತಿಂಗಳುಗಳಲ್ಲಿ ಕಪ್ಪು, ಸಿಗದ ತಿಂಗಳುಗಳಲ್ಲಿ ಕೆಂಪು, ಹೀಗೆ ಒಂದೇ ಎಳೆಯ ಮೇಲೆ ಪಟ್ಟೆ ಪಟ್ಟೆಯಾಗಿ ಬರುವುದೂ ಉಂಟು. ವೈದ್ಯರು ಅದನ್ನು ಬಾವುಟದ ಲಕ್ಷಣ ಎನ್ನುತ್ತಾರೆ. ನನ್ನ ಗೆಳತಿಗೆ ಅಂಥ ದೊಡ್ಡ ಕಾಯಿಲೆ ಇತ್ತೆಂದು ನಾನು ಹೇಳುತ್ತಿಲ್ಲ. ಆದರೆ ಹಾಸ್ಟೆಲ್ಲಿನ ಎರಡು ಹೊತ್ತಿನ ಅನ್ನ ಸಾರು, ವಾರದ ಮೊಟ್ಟೆ ಅವಳ ತಲೆಯ ಮೇಲೆ ಬುಡದಿಂದ ಬರೆಯುತ್ತಾ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೆ, ಓದಲು ಬರಲಿಲ್ಲ.

ಹಾಗಾಗಿ ಕೆಂಗೂದಲನ್ನು ಕೊಂಡಾಡಿ ಬರೆಯುವಾಗಲೆಲ್ಲ ನನಗೆ ಸ್ವಲ್ಪ ಸಂಕೋಚವಾಗುತ್ತದೆ. ನನ್ನದು ಆಯಿ ಕೊಟ್ಟದ್ದು. ಅವಳದು ಹಸಿವು ಕೊಟ್ಟದ್ದು. ನೋಡುವವರಿಗೆ ಎರಡೂ ಒಂದೇ. ನಮ್ಮ ಕಡೆ 'ಕೆಂಪು ತಲಿ' ಅಂದಾಗ ಅದರೊಳಗೆ 'ಎಣ್ಣಿಗೆ ಗತಿ ಇಲ್ಲದವರು' ಅನ್ನುವ ಅರ್ಥವೂ ಇರುತ್ತದೆ. ಅವ್ವ ನನಗೆ ಮೂರು ಹೊತ್ತು ಎಣ್ಣೆ ಹಚ್ಚಿದ್ದು ಕೂದಲು ಕಪ್ಪಾಗಲಿ ಎಂದಲ್ಲ, ಎಣ್ಣೆ ಇದೆ ಎಂದು ಊರಿಗೆ ಗೊತ್ತಾಗಲಿ ಎಂದು.

ಇನ್ನು ವಂಶದ ಕೆಂಪಿನ ಲೆಕ್ಕ. ಕೂದಲಿಗೆ ಬಣ್ಣ ಕೊಡುವುದು ಮೆಲನಿನ್. ಅದರಲ್ಲಿ ಎರಡು ಬಗೆ. ಒಂದು ಕಪ್ಪು-ಕಂದು ಬಣ್ಣದ ಯೂಮೆಲನಿನ್, ಇನ್ನೊಂದು ಕೆಂಪು-ಹಳದಿಯ ಫಿಯೋಮೆಲನಿನ್. ಯಾವುದು ಎಷ್ಟು ತಯಾರಾಗಬೇಕು ಎಂದು ತೀರ್ಮಾನಿಸುವುದರಲ್ಲಿ 16ನೇ ವರ್ಣತಂತುವಿನ ಮೇಲಿರುವ ಎಂಸಿ1ಆರ್ ಎಂಬ ಜೀನಿನದು ದೊಡ್ಡ ಪಾತ್ರ. ಅದರ ಬದಲಾದ ರೂಪಗಳಿಗೂ ಕೆಂಪು ಕೂದಲಿಗೂ ಇರುವ ನಂಟು ಗೊತ್ತಾದದ್ದು 1995ರಲ್ಲಿ. ಸಾಮಾನ್ಯವಾಗಿ ತಂದೆಯಿಂದ ಒಂದು, ತಾಯಿಯಿಂದ ಒಂದು ಬದಲಾದ ಪ್ರತಿ ಸೇರಿದರೆ ಅಚ್ಚ ಕೆಂಪು ಕೂದಲು. ಪ್ರಪಂಚದಲ್ಲಿ ನೂರಕ್ಕೆ ಒಬ್ಬಿಬ್ಬರಿಗೆ ಮಾತ್ರ ಅದು ಇರುತ್ತದೆ, ಐರ್ಲೆಂಡು, ಸ್ಕಾಟ್ಲೆಂಡುಗಳಲ್ಲಿ ಹೆಚ್ಚು. ನಮ್ಮದು ಆ ಗಜ್ಜರಿ ಕೆಂಪಲ್ಲ. ಕಂದು ಬಣ್ಣದೊಳಗಿಂದ ಇಣುಕುವ ಕೆಂಪು. ಮೇಲೆ ನಮ್ಮ ಸೂರ್ಯನೂ ಕೈ ಹಚ್ಚುತ್ತಾನೆ. ಬಿಸಿಲು ಕೂದಲಿನ ಕಪ್ಪನ್ನು ಸುಡುತ್ತದೆ, ಮೇ ತಿಂಗಳಿಗೆ ಕೆಂಪು ಇನ್ನೂ ಏರುತ್ತದೆ. ಇಂಗ್ಲಿಷಿನವರ ಮಾಪಿನಲ್ಲಿ ನಾವು ಕೆಂಗೂದಲಿನವರ ಸಾಲಿಗೇ ಬರುವುದಿಲ್ಲವೇನೋ. ಆದರೆ ಕನ್ಯೆ ನೋಡಲು ಬಂದವರ ಹತ್ತಿರ ಆ ಮಾಪು ಇರುವುದಿಲ್ಲ.

ನನ್ನನ್ನು ನೋಡಲು ಬಂದ ಮೂರನೇ ಮನೆಯವರಲ್ಲಿ ಹಿರಿಯ ಹೆಂಗಸೊಬ್ಬರು ನನ್ನ ಬೈತಲೆಯನ್ನು ಉಗುರಿನಿಂದ ಕೆರೆದು ನೋಡಿ, "ಹುಡುಗಿಗಿ ಏನರ ಜಡ್ಡು ಅದ ಏನ್ರಿ?" ಅಂದರು. ನಾಲ್ಕನೆಯವರು ಬರುವ ಮೊದಲು ಅವ್ವ ಅಂಗಡಿಯಿಂದ ಕಪ್ಪು ಬಣ್ಣದ ಪುಡಿ ತಂದಿದ್ದಳು. ಆಗಿನ ನನ್ನ ಮನಸ್ಸು ನಿಜ ಹೇಳಬೇಕೆಂದರೆ, ಕನ್ನಡಿಯಲ್ಲಿ ಮೊದಲ ಸಲ ಕರಿ ತಲೆ ನೋಡಿ ನನಗೆ ಬಹಳ ಖುಷಿಯಾಗಿತ್ತು. ಮದುವೆ ನಿಶ್ಚಯವಾಯಿತು. ನಂತರದ ಒಂಬತ್ತು ವರ್ಷ, ಇಪ್ಪತ್ತು ದಿನಕ್ಕೊಮ್ಮೆ, ಬಚ್ಚಲುಮನೆಯ ಚಿಲಕ ಹಾಕಿಕೊಂಡು ಹಚ್ಚಿದೆ. ಗಂಡನಿಗೆ ಎರಡನೇ ತಿಂಗಳಿಗೇ ಗೊತ್ತಾಗಿತ್ತಂತೆ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಇಂಥ ಸಭ್ಯತೆಯಲ್ಲಿ ಎಷ್ಟು ಡಬ್ಬಿ ಬಣ್ಣ ಖರ್ಚಾಯಿತೋ.

ಒಂಬತ್ತನೇ ವರ್ಷ ಒಂದು ಬೆಳಗ್ಗೆ ಎದ್ದರೆ ಕಣ್ಣು ತೆರೆಯಲು ಬರಲಿಲ್ಲ. ಹಣೆ, ಕಿವಿ, ರೆಪ್ಪೆ ಎಲ್ಲ ಬಾತುಕೊಂಡಿದ್ದವು. ಕಪ್ಪು ಬಣ್ಣಗಳಲ್ಲಿ ಇರುವ ಪಿಪಿಡಿ ಎಂಬ ರಾಸಾಯನಿಕ ಕೆಲವರಿಗೆ ಆಗಿಬರುವುದಿಲ್ಲ. ವರ್ಷಗಟ್ಟಲೆ ಏನೂ ಮಾಡದೆ ಇದ್ದು ಒಂದು ದಿನ ಹೀಗೆ ತಿರುಗಿ ಬೀಳಬಹುದು. ಚರ್ಮದ ಡಾಕ್ಟರು, "ಇನ್ನ ಇದನ್ನ ಮುಟ್ಟಬ್ಯಾಡ್ರಿ" ಅಂದರು. ಕೂದಲಿನ ಕಪ್ಪನ್ನು ನಾನು ಬಿಟ್ಟದ್ದು ಹೀಗೆ. ಧೈರ್ಯದಿಂದ ಬಿಟ್ಟೆ ಎಂದು ಕಾಲೇಜಿನ ಹುಡುಗಿಯರು ತಿಳಿದಿದ್ದಾರೆ. ಇವತ್ತು ಅವರೆಲ್ಲ ಇದನ್ನು ಓದಲಿ.

ಮಾಂಟ್ಗೊಮರಿಯ 'ಆ್ಯನ್ ಆಫ್ ಗ್ರೀನ್ ಗೇಬಲ್ಸ್' 1908ರ ಕಾದಂಬರಿ. ಅದರ ಹುಡುಗಿ ಕೆಂಪು ಕೂದಲನ್ನು ಕಪ್ಪು ಮಾಡಲು ಹೋಗುತ್ತಾಳೆ, ಅದು ಹಸಿರಾಗುತ್ತದೆ. ಕಣ್ಣು ಬಾತ ಆ ವಾರದಲ್ಲಿ ನಾನದನ್ನು ಓದಿದ್ದಿದ್ದರೆ ನಗುತ್ತಿದ್ದೆನೋ ಅಳುತ್ತಿದ್ದೆನೋ. ಯುರೋಪಿನವರು ಈ ಕೂದಲಿನ ಮೇಲೆ ಕಟ್ಟಿದ ಕಥೆಗಳಿಗೆ ಲೆಕ್ಕವಿಲ್ಲ. ಕ್ರಿಸ್ತನನ್ನು ಹಿಡಿದುಕೊಟ್ಟ ಜೂದಾಸನಿಗೆ ಎಷ್ಟೋ ಚಿತ್ರಕಾರರು ಕೆಂಪು ಗಡ್ಡ ಬರೆದರು. ಈಗ ನೆದರ್ಲೆಂಡ್ಸಿನಲ್ಲಿ 2005ರಿಂದ ಕೆಂಗೂದಲಿನವರದೇ ಜಾತ್ರೆ ನಡೆಯುತ್ತದೆ. ಅವರ ಜಗಳ ಅವರಿಗೆ. ನನಗೆ ನಮ್ಮ ಮನೆಯ ಲೆಕ್ಕ ಬೇಕಿತ್ತು.

ಮನುಸ್ಮೃತಿಯ ಮೂರನೇ ಅಧ್ಯಾಯದಲ್ಲಿ ಎಂಥ ಕನ್ಯೆಯನ್ನು ಮದುವೆಯಾಗಬಾರದು ಎಂಬ ಪಟ್ಟಿ ಇದೆ. ಅದರ ಮೊದಲ ಹೆಸರೇ ಕಪಿಲೆ. ಅಂದರೆ ಕೆಂಚು ಬಣ್ಣದವಳು. ವ್ಯಾಖ್ಯಾನಕಾರ ಕುಲ್ಲೂಕ ಅದನ್ನು ಕೆಂಚು ಕೂದಲಿನವಳು ಎಂದೇ ಓದುತ್ತಾನೆ. ಆಮೇಲೆ ರೋಗಿ, ಕೂದಲಿಲ್ಲದವಳು, ಕೂದಲು ಹೆಚ್ಚಾದವಳು, ಮಾತು ಹೆಚ್ಚಾದವಳು. (ಕೊನೆಯದಕ್ಕೂ ನಾನು ಅರ್ಹಳು.) ಇದೇ ಪರಂಪರೆಯ ಪತಂಜಲಿ ತನ್ನ ಮಹಾಭಾಷ್ಯದಲ್ಲಿ ಬ್ರಾಹ್ಮಣನನ್ನು ಗುರುತಿಸುವ ಲಕ್ಷಣಗಳನ್ನು ಹೇಳುವಾಗ ಬಿಳಿ ಮೈಬಣ್ಣ, ಶುದ್ಧ ನಡತೆಗಳ ಜೊತೆ ಕಪಿಲ ಕೇಶವನ್ನೂ ಸೇರಿಸುತ್ತಾನೆ. ಗಂಡಸಿನ ತಲೆಯ ಮೇಲಿದ್ದರೆ ಅದು ಗುಣ. ಅದೇ ಬಣ್ಣ ಹೆಣ್ಣಿನ ತಲೆಗೆ ಬಂದರೆ ದೋಷ. ನನ್ನ ಬೈತಲೆ ಕೆರೆದ ಆ ಹಿರಿಯರು ಮನುವನ್ನು ಓದಿರಲಿಲ್ಲ. ಓದದೆಯೂ ಅದು ಅವರ ಉಗುರಿಗೆ ಬಂದಿತ್ತು.

ಕನ್ನಡ ಮಾತ್ರ ನನ್ನ ಕೈ ಹಿಡಿಯಿತು. ಕೆಂ ಎಂಬ ಒಂದು ಅಕ್ಷರದಿಂದ ನಮ್ಮ ಭಾಷೆ ಎಷ್ಟೊಂದನ್ನು ಹುಟ್ಟಿಸಿದೆ ನೋಡಿ. ಕೆಂಡ, ಕೆಂದಾವರೆ, ಕೆಂದುಟಿ, ಕೆಂಬಾಳೆ. ಕೆಂಚನೂ ಅದೇ ಬಳ್ಳಿಯವನು. ಕೆಂಚಪ್ಪ, ಕೆಂಚೇಗೌಡ, ಕೆಂಚಮ್ಮ. ಹಾಸನದ ಕಡೆ ಕೆಂಚಮ್ಮ ದೇವಿ. ಅವಳ ಹೆಸರಿನದೇ ಊರು ಕೆಂಚಮ್ಮನ ಹೊಸಕೋಟೆ. ರಾಜಾರಾಯರ 'ಕಾಂತಾಪುರ'ದ ಗ್ರಾಮದೇವತೆಯೂ ಕೆಂಚಮ್ಮನೇ. ಶಾಲೆಯಲ್ಲಿ ಬೈಗುಳವಾದದ್ದು ಗುಡಿಯಲ್ಲಿ ಹೆಸರು. ಶಿವನಂತೂ ಹಳಗನ್ನಡದ ಉದ್ದಕ್ಕೂ ಕೆಂಜೆಡೆಯವನು, ಕೆಂಪು ಜಡೆಯವನು. ಅಕ್ಕಮಹಾದೇವಿ ತನ್ನ ಗಂಡನ ರೂಪ ವರ್ಣಿಸುವ ವಚನವೊಂದರಲ್ಲಿ ಮೊದಲು ಹಿಡಿಯುವುದೇ ಅವನ ಕೆಂಜೆಡೆಯನ್ನು. ಆ ವಚನವನ್ನು ಪ್ರತಿ ವರ್ಷ ಪಾಠ ಮಾಡುತ್ತೇನೆ. ಕಪ್ಪು ಹಚ್ಚಿಕೊಂಡ ತಲೆಯಲ್ಲಿ ಒಂಬತ್ತು ವರ್ಷ ಅದನ್ನು ಪಾಠ ಮಾಡಿದ್ದೇನೆ ಎಂಬುದು ನೆನಪಾದರೆ ಈಗ ನಾಚಿಕೆಯಾಗುತ್ತದೆ.

ಡೈರಿಯ ಒಕ್ಕಣೆ ಬಂದ ಮರುದಿನ ಸಂಜೆ ಹುಡುಗಿಯನ್ನು ಕರೆದುಕೊಂಡು ಸೂಪರ್ ಮಾರ್ಕೆಟ್ ಕಡೆ ಹೋದೆ. ಶಾಂಪೂ ತರುತ್ತೇವೆಂದು ವೈನಿ ತಿಳಿದಿದ್ದರು. ಹಣ್ಣಿನ ಬಂಡಿಯ ಚಾಚಾನ ಗಡ್ಡ ಮೆಹಂದಿ ಹಚ್ಚಿ ದಾಳಿಂಬೆ ಸಿಪ್ಪೆಯ ಹಾಗೆ ಕೆಂಪಾಗಿತ್ತು. ಬಂದೇನವಾಜ್ ದರ್ಗಾದ ದಾರಿಯಲ್ಲಿ ನಿಂತರೆ ಇಂಥ ಗಡ್ಡಗಳನ್ನು ಗಂಟೆಗೆ ಹತ್ತು ಎಣಿಸಬಹುದು. ಅವರನ್ನು ನೋಡಿ ಯಾರೂ ಜಡ್ಡು ಅದ ಏನ್ರಿ ಅನ್ನುವುದಿಲ್ಲ. ಚಾಚಾ ಹುಡುಗಿಯ ತಲೆಯನ್ನೇ ನೋಡುತ್ತಾ, "ಯಾವ ಮೆಹಂದಿ ಹಚ್ತೀರವ್ವಾ ಕೂಸಿಗಿ? ಭಾಳ ಛಂದ್ ಹತ್ಯಾದ" ಅಂದರು.

"ಹಚ್ಚಿಲ್ರಿ ಚಾಚಾ. ಅಕಿದೇ ಅದು."

"ಅಕಿದೇ?" ಅವರು ತಮ್ಮ ಗಡ್ಡ ಸವರಿಕೊಂಡರು. "ನಾ ಹದಿನೈದು ದಿನಕ್ಕೊಮ್ಮಿ ರಾತ್ರಿಯೆಲ್ಲ ಕಟ್ಕೊಂಡು ಮಲಗ್ತೀನಿ ನೋಡ್ರಿ."

ಹುಡುಗಿ ನಕ್ಕಳು. ಹತ್ತು ದಿನಗಳಲ್ಲಿ ಮೊದಲ ಸಲ. ಕಮಲಾಪುರದ ಕೆಂಪು ಬಾಳೆ ಡಜನ್ನಿಗೆ ಎಷ್ಟು ಎಂದು ಕೇಳಿದೆ. ಚಾಚಾ ಹೇಳಿದ ರೇಟು ಕೇಳಿ ಅರ್ಧ ಡಜನ್ನು ತಗೊಂಡೆ.

ರಾತ್ರಿ ಶಾಲೆಗೆ ಪತ್ರ ಬರೆಯಲು ಕೂತೆ. ಅಣ್ಣ, "ಜಗಳ ಆಗೋಹಂಗ ಬರಿಬ್ಯಾಡ, ಅಕಿ ಅಲ್ಲೇ ಓದಬೇಕು" ಎಂದು ಎರಡು ಸಲ ಹೇಳಿ ಹೋದ. ಅವನ ಭಯ ಸುಳ್ಳಲ್ಲ. ಮನುವಿನಿಂದ ಹಿಡಿದು ಮೆಲನಿನ್‌ವರೆಗೆ ಎರಡು ಪುಟ ಬರೆದು ಹರಿದು ಹಾಕಿದೆ. ಮೂರನೇ ಸಲ ನಾಲ್ಕೇ ಸಾಲು. ಮಗುವಿನ ಕೂದಲಿಗೆ ಯಾವ ಬಣ್ಣವನ್ನೂ ಹಚ್ಚಿಲ್ಲ, ಹಚ್ಚುವುದೂ ಇಲ್ಲ. ಅವಳ ಮುತ್ತಜ್ಜಿಗೂ, ಅತ್ತೆಗೂ ಇದೇ ಕೂದಲು. ಸಂಶಯವಿದ್ದರೆ ನಾನೇ ಬಂದು ತಲೆ ತೋರಿಸುತ್ತೇನೆ. ಅವಳ ಕೂದಲಿನ ಬಣ್ಣ ಹುಟ್ಟಿನಿಂದಲೇ ಕಂದು.

ಹುಡುಗಿ ಪಕ್ಕದಲ್ಲಿ ಕೂತು ಬಾಳೆಹಣ್ಣು ತಿನ್ನುತ್ತಾ ಓದುತ್ತಿದ್ದಳು.

"ಅತ್ತಿ, ಇಲ್ಲಿ ತಪ್ಪು ಬರ್ದೀರಿ."

ಪೆನ್ನು ತಗೊಂಡು 'ಕಂದು' ಎಂಬುದನ್ನು ಹೊಡೆದು ಹಾಕಿದಳು. ಮೇಲೆ 'ಕೆಂಪು' ಎಂದು ಬರೆದು, ಸಿಪ್ಪೆಯನ್ನು ನನ್ನ ಕೈಗೆ ಕೊಟ್ಟು, ಕೈ ತೊಳೆಯಲು ಹೋದಳು.